ಹಕ್ಕು ಅಂದ್ರ ಕೆತ್ತಿದ್ದು

ಹಸಿದವನಿಗೆ ಸತ್ತ ಭಾಷೆ ಯಾಕ ಬೇಕು?

ಈ ಪ್ರಶ್ನೆಯನ್ನು ನಮಗೆ ಮೊದಲು ಕೇಳಿದವರು ಪಂಡಿತರಲ್ಲ, ಪುರೋಹಿತರೂ ಅಲ್ಲ. ಕೇಳಿದವರು ನಮ್ಮವರೇ. ಮುರಗೋಡದ ನಮ್ಮ ಕೇರಿಯ ಕಟ್ಟಿ ಮ್ಯಾಲ ಸಂಜೀಮುಂದ ನಾವು ಮೂರು ಮಂದಿ ಕುಂತಿದ್ದೆವು. ಒಬ್ಬ ಗೌಂಡಿ ಕೆಲಸದವ, ಒಬ್ಬ ಸಾಲಿ ಮಾಸ್ತರ, ಇನ್ನೊಬ್ಬ ಕಬ್ಬು ಕಡಿಯುವ ಗ್ಯಾಂಗಿನ ಲೆಕ್ಕ ಬರೆಯುವವ. ಪಾಟಿಯ ಮೇಲೆ ಬಲದಿಂದ ಎಡಕ್ಕೆ ಅಕ್ಷರ ತಿದ್ದುತ್ತಿದ್ದೆವು. ನಮ್ಮ ಸೋದರಮಾವ ಬಂದು ಇಣುಕಿ ನೋಡಿದ.

"ಏನ್ರೋ ಇದು, ಎತ್ತಿನ ಕ್ವಾಡ ಬರದಂಗ ಬರಿಯಾಕತ್ತೀರಿ?"

"ಮಾವಾ, ಇವು ಫಿನೀಷಿಯನ್ ಅಕ್ಷರ. ಮೂರು ಸಾವಿರ ವರ್ಷದ ಹಿಂದಿನವು. ಈ ಭಾಷಾ ಮಾತಾಡೋರು ಈಗ ಭೂಮಿ ಮ್ಯಾಲ ಒಬ್ಬರೂ ಇಲ್ಲ."

ಮಾವ ಎಲಿ ಅಡಕಿ ಉಗುಳಿ ಬಂದು ಹೇಳಿದ: "ಬದುಕಿದ್ದವರ ಮುಂದ ಮಾತಾಡಾಕ ನಮಗ ಬಾಯಿ ಇಲ್ಲ. ಸತ್ತವರ ಸಂಗಾಟ ಏನ್ ಮಾತಾಡ್ತೀರಿ?"

ನಾವು ಆಗ ನಕ್ಕೆವು. ಆದರೆ ರಾತ್ರಿ ನಗು ಬರಲಿಲ್ಲ. ಮಾವನ ಮಾತು ಸುಳ್ಳಲ್ಲ. ಕೇರಿಯ ಹುಡುಗರಿಗೆ ಕನ್ನಡದ ಅರ್ಜಿ ಬರೆಯಲು ಬರುವುದಿಲ್ಲ. ಇಂಗ್ಲಿಷ್ ಬಾರದೆ ನೌಕರಿ ತಪ್ಪುತ್ತದೆ. ಇಂಥದ್ದರಲ್ಲಿ ಲೆಬನಾನಿನ ಸಮುದ್ರದಂಡೆಯ ಯಾವುದೋ ಸತ್ತ ವ್ಯಾಪಾರಿಗಳ ಭಾಷೆ ಕಲಿಯುವುದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದಂಗಲ್ಲವೇ? ಈ ಪ್ರಶ್ನೆಗೆ ಉತ್ತರ ಹುಡುಕಲೆಂದೇ ಇದನ್ನು ಬರೆಯುತ್ತಿದ್ದೇವೆ. ಉತ್ತರ ಸಿಗುವ ಮೊದಲು, ನಾವು ಈ ಹಾದಿಗೆ ಹೇಗೆ ಬಿದ್ದೆವು ಅನ್ನುವುದನ್ನು ಹೇಳಲೇಬೇಕು.

*

ಶುರುವಾದದ್ದು ಒಂದು ತಗಡಿನ ಟ್ರಂಕಿನಿಂದ. ನಮ್ಮ ಮುತ್ತಜ್ಜಿ ತೀರಿಕೊಂಡಾಗ ಅದರೊಳಗೆ ಒಂದು ಹಳೆಯ ಕಾಗದ ಸಿಕ್ಕಿತು. ನಾಲ್ಕು ಮಡಿಕೆ, ಮಡಿಕೆಯಲ್ಲೆಲ್ಲ ಹರಿದದ್ದು, ಅರಿಷಿಣದ ಕಲೆ ಹತ್ತಿದ್ದು. ಆಕೆ ಅದನ್ನು ಬಂಗಾರದಂಗ ಕಾಯ್ದಿದ್ದಳು. ಆದರೆ ಒಂದು ಅಕ್ಷರವೂ ಆಕೆಗೆ ಗೊತ್ತಿರಲಿಲ್ಲ. ನಮಗೂ ಗೊತ್ತಾಗಲಿಲ್ಲ, ಯಾಕಂದ್ರ ಅದು ಮೋಡಿ ಲಿಪಿಯಲ್ಲಿತ್ತು. ಪೇಶವೆಯರ ಕಾಲದಿಂದ ಮುಂಬೈ ಸರಕಾರದ ಕಾಲದವರೆಗೂ ನಮ್ಮ ಬೆಳಗಾವಿ ಸೀಮೆಯ ಎಷ್ಟೋ ಕಾಗದಗಳು ಕೈ ಎತ್ತದೆ ಬರೆಯುವ ಈ ಮೋಡಿಯಲ್ಲಿವೆ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಕಾಗದಗಳು ಮಾತ್ರ ಟ್ರಂಕಿನಲ್ಲೇ ಉಳಿದವು.

ಮೋಡಿ ಬಲ್ಲ ಒಬ್ಬರ ಕಡೆ ಒಯ್ದೆವು. ಅವರು ಚಾಳೀಸು ಹಾಕಿಕೊಂಡು ಎರಡು ನಿಮಿಷ ನೋಡಿದರು, ಫೀ ತೊಗೊಂಡರು, "ಇದ್ರಾಗ ಏನೂ ಇಲ್ಲ" ಅಂದು ಕಾಗದ ತಿರುಗಿ ಕೊಟ್ಟರು.

ಏನೂ ಇಲ್ಲ! ಒಬ್ಬ ಮುದುಕಿ ಜೀವಮಾನವೆಲ್ಲ ಕಾಯ್ದ ಕಾಗದದಲ್ಲಿ ಏನೂ ಇಲ್ಲ ಅಂದರೆ ಏನು? ಬರಿಯ ಕಾಗದವಂತೂ ಅಲ್ಲ, ಎರಡೂ ಮಗ್ಗಲು ತುಂಬಿ ಬರೆದಿದೆ. ನಮಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮೋಡಿ ಕಲಿತೆವು. ಗುರು ಇರಲಿಲ್ಲ. ಒಂದು ಹಳೆಯ ಅಕ್ಷರಪಟ್ಟಿ, ಮರಾಠಿ ಬಲ್ಲ ಒಬ್ಬ ಗೆಳೆಯ, ಒಂದು ವರ್ಷದ ರಾತ್ರಿಗಳು. ಕಾಗದ ನಿಧಾನಕ್ಕೆ ಬಾಯಿ ಬಿಟ್ಟಿತು.

ಅದು ಭೂಮಿಯ ಪತ್ರವಾಗಿರಲಿಲ್ಲ. ನಮ್ಮ ಪೈಕಿ ಒಬ್ಬನ ಮುತ್ತಜ್ಜನ ಅಪ್ಪ ಊರಿಗೆ ಮಾಡಬೇಕಾದ ಚಾಕರಿಯ ಯಾದಿ ಅದು. ಚಾವಡಿ ಕಸ ಹೊಡೆಯುವುದು, ಸತ್ತ ದನ ಎಳೆಯುವುದು, ಸಾವಿನ ಸುದ್ದಿ ಮುಟ್ಟಿಸುವುದು, ವಸೂಲಿ ಹಣದ ಹಿಂದೆ ನಡೆಯುವುದು, ಗಡಿಗಲ್ಲು ಕಾಯುವುದು. ಅದಕ್ಕೆ ಸುಗ್ಗಿಯಲ್ಲಿ ಸಿಗುವ ಆಯ ಎಷ್ಟು ಅನ್ನುವುದು. ಕಡೆಗೆ ಆತನ ಹೆಸರು. ಏಕವಚನದಲ್ಲಿ, ಜಾತಿ ಹಚ್ಚಿ.

ಕೋರ್ಟಿನ ಕಣ್ಣಿನಿಂದ ನೋಡಿದರೆ ಆ ಓದುಗರು ಹೇಳಿದ್ದು ಖರೇ. 1961ರ ಕಾಯ್ದೆ ಊರ ವತನಗಳನ್ನೆಲ್ಲ ರದ್ದು ಮಾಡಿದೆ. ಆ ಕಾಗದದಿಂದ ಒಂದು ಗುಂಟೆ ಭೂಮಿಯೂ ಬರುವುದಿಲ್ಲ. ಅವರು ನಮಗೆ ಮೋಸ ಮಾಡಲಿಲ್ಲ. ಆದರೆ "ಏನೂ ಇಲ್ಲ" ಎಂದು ತೀರ್ಮಾನ ಮಾಡಿದವರು ಯಾರು? ನಮ್ಮ ಪರವಾಗಿ ಅವರು ಮಾಡಿದರು. ನಮ್ಮ ಹಿರೀಕನ ಹೆಸರು ಲೋಕದಲ್ಲಿ ಒಂದೇ ಒಂದು ಕಡೆ ಬರೆದಿತ್ತು. ಅದು ಅವರಿಗೆ 'ಏನೂ ಇಲ್ಲ', ನಮಗೆ ಅದೇ ಎಲ್ಲ. ಓದು ಬಾರದವನಿಗೆ ಆಗುವ ದೊಡ್ಡ ಅನ್ಯಾಯ ಇದು. ಸುಳ್ಳು ಓದಿ ಮೋಸ ಮಾಡುವುದು ಎರಡನೆಯದು. ಯಾವುದು ಓದಲು ಯೋಗ್ಯ, ಯಾವುದು ಅಲ್ಲ ಎಂದು ಇನ್ನೊಬ್ಬ ನಿರ್ಧಾರ ಮಾಡುವುದೇ ಮೊದಲನೆಯದು.

*

ಮೋಡಿಯಿಂದ ಕಲ್ಲಿಗೆ ಬಂದೆವು. ನಮ್ಮ ಸವದತ್ತಿ ರಟ್ಟರ ರಾಜಧಾನಿ. ಈ ಸೀಮೆಯಲ್ಲಿ ಶಾಸನದ ಕಲ್ಲಿಗೆ ಬರವಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇವನ್ನು ಓದಿ ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ನಮ್ಮವರು ಬಾಯಿಂದ ಬಾಯಿಗೆ ಹಾಡಿಕೊಂಡು ಬಂದ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು 1885ರಲ್ಲಿ ಅಚ್ಚಿಗೆ ಇಳಿಸಿದವನೂ ಅವನೇ. ಬೈಲಹೊಂಗಲದ ಮಗ್ಗುಲಲ್ಲಿ ಹುಟ್ಟಿದ ಹಾಡು ಕಾಗದ ಕಾಣಲು ಸಾಹೇಬನ ಕೈ ಬೇಕಾಯಿತು. ಇದರಲ್ಲಿ ಸಾಹೇಬನನ್ನು ಹೊಗಳುವಂಥದ್ದೂ ಇದೆ, ನಮ್ಮನ್ನು ನಾವು ಕೇಳಿಕೊಳ್ಳುವಂಥದ್ದೂ ಇದೆ.

ಹಳಗನ್ನಡದ ಕಲ್ಲಿನಿಂದ ಹಿಂದಕ್ಕೆ ಸರಿದರೆ ಕದಂಬರ ಅಕ್ಷರ, ಅದರ ಹಿಂದೆ ಅಶೋಕನ ಬ್ರಾಹ್ಮಿ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಕಂಡುಹಿಡಿದ. ಶಾಸನವೆಲ್ಲ ಬ್ರಾಹ್ಮಿಯಲ್ಲಿದೆ. ಆದರೆ ಕಡೆಗೆ, ಬರೆದವನು ಚಪಡ ಎಂಬ ಲಿಪಿಕಾರ ಎನ್ನುವಲ್ಲಿ, 'ಲಿಪಿಕಾರ'ನೆಂಬ ಆ ಒಂದು ಮಾತು ಖರೋಷ್ಠಿಯಲ್ಲಿದೆ. ಬಲದಿಂದ ಎಡಕ್ಕೆ! ಎಲ್ಲಿಯ ಗಾಂಧಾರದ ಲಿಪಿ, ಎಲ್ಲಿಯ ಚಿತ್ರದುರ್ಗದ ಬಂಡೆ! ದೊರೆಯ ಮಾತನ್ನು ದೊರೆಗೆ ಬೇಕಾದ ಲಿಪಿಯಲ್ಲಿ ಬರೆದ ಆ ಕೆಲಸಗಾರ ತನ್ನ ಕಸುಬಿನ ಹೆಸರನ್ನು ಮಾತ್ರ ತನ್ನ ಕೈಗೆ ಒಗ್ಗಿದ ಲಿಪಿಯಲ್ಲಿ ಇಟ್ಟು ಹೋದ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಸಹಿ ಅದು. ನಮಗೆ ಅಶೋಕನಿಗಿಂತ ಚಪಡನೇ ಹತ್ತಿರದವನಾಗಿ ಕಂಡ.

ಖರೋಷ್ಠಿಯ ತಾಯಿ ಅರಮಾಯಿಕ್ ಲಿಪಿ. ಅರಮಾಯಿಕ್‌ನ ತಾಯಿ ಫಿನೀಷಿಯನ್. ಬ್ರಾಹ್ಮಿಯೂ ಅದೇ ಬಳ್ಳಿಯದು ಎಂದು 1895ರಲ್ಲಿ ಬ್ಯೂಲರ್ ಎಂಬ ಜರ್ಮನ್ ಪಂಡಿತ ಅಕ್ಷರಕ್ಕೆ ಅಕ್ಷರ ಹೊಂದಿಸಿ ತೋರಿಸಿದ. ಅಲ್ಲ, ಅದು ಇಲ್ಲಿಯದೇ ಎನ್ನುವವರೂ ಇದ್ದಾರೆ. ಆ ಜಗಳ ಇನ್ನೂ ಮುಗಿದಿಲ್ಲ. ನಮಗೆ ಜಗಳ ಮುಗಿಯುವವರೆಗೆ ಕಾಯುವ ಸಬೂರಿ ಇರಲಿಲ್ಲ. ಬಳ್ಳಿಯ ಬುಡ ನೋಡಬೇಕು ಅನಿಸಿತು. ಹಿಂಗ ಮುರಗೋಡದ ಕಟ್ಟೆಯಿಂದ ಫಿನೀಷಿಯಾಕ್ಕೆ ಹಾದಿ ಬಿತ್ತು.

*

ಬುಡದಲ್ಲಿ ನಾವು ಕಂಡದ್ದೇನು?

ಸೈನಾಯ್ ಮರುಭೂಮಿಯಲ್ಲಿ ಸೆರಾಬಿತ್ ಅಲ್-ಖಾದಿಮ್ ಅನ್ನುವ ಗುಡ್ಡ ಇದೆ. ಈಜಿಪ್ಟಿನ ದೊರೆಗಳು ಅಲ್ಲಿ ವೈಡೂರ್ಯದಂಥ ಹಸಿರುನೀಲಿ ಹರಳಿನ ಗಣಿ ತೋಡಿಸುತ್ತಿದ್ದರು. 1905ರಲ್ಲಿ ಫ್ಲಿಂಡರ್ಸ್ ಪೆಟ್ರಿ ಅಲ್ಲಿ ಅಗೆದಾಗ ಗಣಿಯ ಗೋಡೆಗಳ ಮೇಲೆ, ಸಣ್ಣ ಸಣ್ಣ ಕಲ್ಲುಮೂರ್ತಿಗಳ ಮೇಲೆ ಯಾರಿಗೂ ತಿಳಿಯದ ಗೀರುಗಳು ಸಿಕ್ಕವು. 1916ರಲ್ಲಿ ಅಲನ್ ಗಾರ್ಡಿನರ್ ಅವುಗಳಲ್ಲಿ ಒಂದು ಮಾತು ಓದಿದ: ಬ-ಅ-ಲ-ತ, ಅಂದರೆ 'ಒಡತಿ', ಗಣಿಯ ದೇವಿ. ಭಾಷೆ ಈಜಿಪ್ಟಿನದಲ್ಲ, ಸೆಮಿಟಿಕ್. ಬರೆದವರು ದುಡಿಯಲು ಬಂದ ಕಾನಾನಿನ ಪರದೇಶಿಗಳು. ಸುಮಾರು ಮೂರು ಸಾವಿರದ ಎಂಟುನೂರು ವರ್ಷದ ಹಿಂದಿನ ಮಾತು.

ಈಜಿಪ್ಟಿನ ಚಿತ್ರಲಿಪಿಯಲ್ಲಿ ನೂರಾರು ಚಿಹ್ನೆಗಳು. ಅದನ್ನು ಕಲಿಯಲು ವರ್ಷಗಟ್ಟಲೆ ಬೇಕು. ಅದು ಅರಮನೆ, ಗುಡಿಗಳ ಲಿಪಿಕಾರರ ಸೊತ್ತು. ಈ ಗಣಿಯ ಮಂದಿ ಏನು ಮಾಡಿದರು? ಎತ್ತಿನ ತಲೆಯ ಚಿತ್ರ ತೊಗೊಂಡರು. ತಮ್ಮ ಭಾಷೆಯಲ್ಲಿ ಎತ್ತಿಗೆ ಅಲೆಫ್. ಆ ಚಿತ್ರಕ್ಕೆ ಅದರ ಮೊದಲ ಸಪ್ಪಳ ಮಾತ್ರ ಕೊಟ್ಟರು. ಮನೆಯ ಚಿತ್ರ: ಬೇತ್, ಅದಕ್ಕೆ ಬ. ನೀರು: ಮೇಮ್; ಅದಕ್ಕೆ ಮ. ಮೂವತ್ತರೊಳಗೆ ಎಲ್ಲ ಮುಗಿಯಿತು. ಮುಂದೆ ಫಿನೀಷಿಯನ್ನರ ಕೈಯಲ್ಲಿ ಇಪ್ಪತ್ತೆರಡೇ ಉಳಿದವು.

ಓರ್ಲಿ ಗೋಲ್ಡ್‌ವಾಸರ್ ಎಂಬ ವಿದ್ವಾಂಸೆ ಹೇಳುವ ಮಾತು ನಮ್ಮ ಎದೆಗೆ ನಾಟಿತು. ಈ ಅಕ್ಷರ ಕಂಡುಹಿಡಿದವರು ಓದು ಬಾರದವರೇ. ಓದು ಬಾರದ್ದರಿಂದಲೇ ಇದು ಸಾಧ್ಯವಾಯಿತು ಎಂದು ಆಕೆ ವಾದಿಸುತ್ತಾಳೆ. ಚಿತ್ರಲಿಪಿ ಬಲ್ಲವನಿಗೆ ಅದನ್ನು ಮುರಿಯುವ ಗರಜು ಇರಲಿಲ್ಲ. ಬಾರದವನು ಚಿತ್ರವನ್ನು ಚಿತ್ರವಾಗಿಯೇ ಕಂಡ, ತನಗೆ ಬೇಕಾದಂಗ ಬಳಸಿಕೊಂಡ. ಆಕೆಯ ಮಾತನ್ನು ಒಪ್ಪದ ಪಂಡಿತರಿದ್ದಾರೆ. ಬರೆದವರಿಗೆ ಈಜಿಪ್ಟಿನ ಬರಹದ ಅರಿವು ಇದ್ದೀತು ಎನ್ನುತ್ತಾರೆ. ಏನೇ ಇರಲಿ, ಆ ಬರಹ ಸಿಕ್ಕದ್ದು ಸಿಂಹಾಸನದ ಮೇಲಲ್ಲ, ಗಣಿಯ ಬಾಯಲ್ಲಿ.

ಆ ಅಕ್ಷರಗಳ ಹೆಸರನ್ನೇ ಒಂದು ಸಲ ಓದಿ ನೋಡಿರಿ. ಎತ್ತು, ಮನೆ, ಬಾಗಿಲು, ಕೊಂಡಿ, ಕೈ, ಅಂಗೈ, ಎತ್ತು ಹೊಡೆಯುವ ಕೋಲು, ನೀರು, ಕಣ್ಣು, ಬಾಯಿ, ತಲೆ, ಹಲ್ಲು, ಗುರುತಿನ ಗೀರು. ಇದು ನಮ್ಮ ಮನೆಯ ಯಾದಿ! ಇದರಲ್ಲಿ ದೊರೆ ಇಲ್ಲ, ದೇವರಿಲ್ಲ, ಮಂತ್ರವಿಲ್ಲ. ಇಂಗ್ಲಿಷಿನ ದೊಡ್ಡ ಎ ಅಕ್ಷರವನ್ನು ತಲೆಕೆಳಗು ಮಾಡಿ ನೋಡಿದರೆ ಎರಡು ಕೋಡಿನ ಎತ್ತಿನ ತಲೆ ಈಗಲೂ ಕಾಣುತ್ತದೆ. ಕಾನ್ವೆಂಟಿನ ಗೋಡೆಯ ಮೇಲೆ ಮಿರಿಮಿರಿ ಹೊಳೆಯುವ ಆ ಅಕ್ಷರ ಗಣಿಯಾಳಿನ ಎತ್ತು. ಅಕ್ಷರವನ್ನು ಕೆಲವರು ತಲೆಯಿಂದ ಹುಟ್ಟಿಸಿ ಉಳಿದವರಿಗೆ ಭಿಕ್ಷೆ ಹಾಕಿದರು ಎಂಬ ಕಥೆಯನ್ನು ನಾವು ಸಾವಿರ ವರ್ಷ ನಂಬಿದೆವು. ಕಲ್ಲು ಬೇರೆ ಹೇಳುತ್ತದೆ.

*

ಈಗ ಕಲಿಕೆಯ ಮಾತು. ಗುರು ಇಲ್ಲದೆ ಇದನ್ನು ಕಲಿಯಬಹುದೇ?

ನಮ್ಮ ನೆಲದಲ್ಲಿ ಈ ಪ್ರಶ್ನೆ ಬಂದ ಕೂಡಲೆ ಏಕಲವ್ಯನ ಹೆಬ್ಬೆರಳು ನೆನಪಾಗುತ್ತದೆ. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಲೋಹ, ಅರಗು ಹೊಯ್ಯಬೇಕೆಂದು ಗೌತಮ ಧರ್ಮಸೂತ್ರ ವಿಧಿಸುತ್ತದೆ. ಬಾಬಾಸಾಹೇಬರು ಮುಂಬೈಯ ಶಾಲೆಯಲ್ಲಿ ಸಂಸ್ಕೃತ ಕಲಿಯಬೇಕೆಂದರೆ ಬಿಡಲಿಲ್ಲ, ಪಾರ್ಸಿ ಕಲಿಯಬೇಕಾಯಿತು. ಆ ಪಾರ್ಸಿಯ ಲಿಪಿಯೂ ಇದೇ ಫಿನೀಷಿಯನ್ ಬಳ್ಳಿಯ ಕುಡಿ ಎಂಬುದು ನಮಗೆ ಆಮೇಲೆ ಹೊಳೆಯಿತು. ಒಂದು ಬಾಗಿಲು ಮುಚ್ಚಿದವರಿಗೆ ಇನ್ನೊಂದು ಬಾಗಿಲು ಎಷ್ಟು ದೂರ ಹೋಗುತ್ತದೆ ಎಂಬ ಅಂದಾಜಿರಲಿಲ್ಲ. ಮುಂದೆ ಅವರು ಸಂಸ್ಕೃತವನ್ನು ತಾವೇ ಅಭ್ಯಾಸ ಮಾಡಿದರು. ಪಾಲಿಯ ನಿಘಂಟನ್ನು ತಾವೇ ಕಟ್ಟಿದರು; ಅದು ಅವರ ಬರಹಗಳ 16ನೆಯ ಸಂಪುಟವಾಗಿ 1998ರಲ್ಲಿ ಅಚ್ಚಾಯಿತು. 1946ರಲ್ಲಿ 'ಶೂದ್ರರು ಯಾರು' ಎಂಬ ಗ್ರಂಥ ಬರೆದಾಗ, ಸಂಸ್ಕೃತ ಪಂಡಿತನಲ್ಲದವನು ಇದಕ್ಕೆ ಯಾಕೆ ಕೈ ಹಾಕಿದ ಎಂಬ ಆಕ್ಷೇಪವನ್ನು ಮುನ್ನುಡಿಯಲ್ಲಿ ತಾವೇ ಎತ್ತಿಕೊಂಡು ಉತ್ತರ ಕೊಟ್ಟರು.

ಫಿನೀಷಿಯನ್‌ನ ಸುಖ ಇಲ್ಲಿದೆ. ಅದನ್ನು ಕಾಯುವ ಪುರೋಹಿತ ಇಲ್ಲ. ನಿನ್ನ ಉಚ್ಚಾರ ಸರಿಯಿಲ್ಲ ಎಂದು ಮೂಗು ಮುರಿಯುವವನಿಲ್ಲ. ಸರಿಯಾದ ಉಚ್ಚಾರ ಯಾರ ಕಿವಿಯಲ್ಲೂ ಉಳಿದಿಲ್ಲ. ಅದರಲ್ಲಿ ವ್ಯಂಜನಗಳನ್ನಷ್ಟೇ ಬರೆಯುತ್ತಾರೆ, ಸ್ವರ ನಾವೇ ತುಂಬಬೇಕು. ಆ ಲಿಪಿಯನ್ನು ಮತ್ತೆ ಓದಿದವನು ಬಾರ್ತೆಲೆಮಿ ಎಂಬ ಫ್ರೆಂಚ್ ಪಾದ್ರಿ, 1758ರಲ್ಲಿ. ಮಾಲ್ಟಾ ದ್ವೀಪದ ಒಂದು ಕಲ್ಲಿನ ಮೇಲೆ ಗ್ರೀಕ್ ಮತ್ತು ಫಿನೀಷಿಯನ್ ಎರಡೂ ಇದ್ದುದರಿಂದ ಬೀಗದ ಕೈ ಸಿಕ್ಕಿತು. ಆ ಮೇಲೆ ಹೀಬ್ರೂ ಬಲ್ಲವರಿಗೆ ಹಾದಿ ಸಸಾರವಾಯಿತು, ಎರಡೂ ಅಕ್ಕತಂಗಿ ಭಾಷೆಗಳು. ನಾವೂ ಹಂಗೇ ಮಾಡಿದೆವು. ಮೊದಲು ಹೀಬ್ರೂವಿನ ವ್ಯಾಕರಣ, ಅದರ ಮಗ್ಗುಲಲ್ಲಿ ಫಿನೀಷಿಯನ್ ಶಾಸನ.

ಆದರೆ ಗುರು ಒಬ್ಬ ಸಿಕ್ಕೇಬಿಟ್ಟ, ಮಗ್ಗುಲ ಓಣಿಯಲ್ಲೇ! ಸೈಕಲ್ ದುರಸ್ತಿ ಮಾಡುವ ಕಾಕಾ ಒಬ್ಬರು ಪಾಟಿ ನೋಡಿ, "ಇದೇನಪಾ, ಅಲಿಫ್-ಬೇ ಇದ್ದಂಗ ಐತೆಲ್ಲ?" ಅಂದರು. ಅಲೆಫ್-ಬೇತ್, ಅಲಿಫ್-ಬೇ! ಲಾರಿಯ ಮೇಲೆ 786 ಯಾಕೆ ಬರೆಯುತ್ತಾರೆಂದು ಅವರೇ ಬಿಡಿಸಿ ಹೇಳಿದರು. ಬಿಸ್ಮಿಲ್ಲಾದ ಪ್ರತಿ ಅಕ್ಷರಕ್ಕೂ ಒಂದು ಬೆಲೆ, ಕೂಡಿಸಿದರೆ 786. ಅಲಿಫ್‌ಗೆ ಒಂದು, ಬೇಗೆ ಎರಡು, ಜೀಮ್‌ಗೆ ಮೂರು, ದಾಲ್‌ಗೆ ನಾಲ್ಕು. ಇದು ಈಗಿನ ಅರಬ್ಬಿ ಅಕ್ಷರಮಾಲೆಯ ಸಾಲಲ್ಲ. ಅದರ ಹಿಂದಿನ ಸಾಲು, ಫಿನೀಷಿಯನ್ನರ ಸಾಲು. ಮೂರು ಸಾವಿರ ವರ್ಷದ ಸಾಲು ಬೈಲಹೊಂಗಲದ ರಸ್ತೆಯ ಮೇಲೆ ಲಾರಿಯ ಹಣೆಯಲ್ಲಿ ಓಡಾಡುತ್ತದೆ. ನಾವು ಅದನ್ನು ಸತ್ತಿದೆ ಎನ್ನುತ್ತಿದ್ದೆವು!

ಅಲ್ಲಿಂದ ನಮ್ಮ ಬಾಯಿಯ ಮಾತುಗಳೇ ಪಾಠವಾದವು. ಸೆಮಿಟಿಕ್ ಭಾಷೆಗಳಲ್ಲಿ ಮಾತಿನ ಬೇರು ಸಾಮಾನ್ಯವಾಗಿ ಮೂರು ವ್ಯಂಜನ. ಕ-ತ-ಬ ಅಂದರೆ ಬರೆಯುವುದು; ನಮ್ಮ ಕಿತಾಬು ಅದರದ್ದು. ಹ-ಸ-ಬ ಅಂದರೆ ಎಣಿಸುವುದು, ಹಿಸಾಬು ಅದರದ್ದು. ಕಾರ್ಥೇಜಿನ ಲೆಕ್ಕದ ಅಧಿಕಾರಿಗಳಿಗೂ ಅದೇ ಬೇರಿನ ಹೆಸರಿತ್ತು. ಮ-ಲ-ಕ ಫಿನೀಷಿಯನ್‌ನಲ್ಲಿ ದೊರೆ. ನಮ್ಮಲ್ಲಿ ಅದೇ ಬೇರು ಅರಬ್ಬಿಯ ಮೂಲಕ ಹಾದು ಬಂದು ಮಾಲಕ ಆಗಿದೆ. ಅ-ಬ-ದ ಅಂದರೆ ಆಳು, ಗುಲಾಮ. ಆದಿಲ್‌ಶಾಹಿ, ಮರಾಠಶಾಹಿ ದಫ್ತರಗಳಿಂದ ಇಳಿದು ಬಂದ ಈ ಮಾತುಗಳಿಂದಲೇ ನಮ್ಮನ್ನು ನೂರಾರು ವರ್ಷ ಆಳಿದರು. ಹುಕುಂ, ವಸೂಲಿ, ತಕರಾರು, ಜಪ್ತಿ. ಅವುಗಳ ಅರ್ಥ ನಮ್ಮ ಬೆನ್ನಿಗೆ ಗೊತ್ತಿತ್ತು, ಬೇರು ಗೊತ್ತಿರಲಿಲ್ಲ.

ಒಂದು ರಾತ್ರಿ 'ಹಕ್ಕು' ಎಂಬ ಮಾತಿನ ಬೇರಿಗೆ ಬಂದೆವು. ನಾವು ಮೆರವಣಿಗೆಯಲ್ಲಿ ಕೂಗುವ ಮಾತು. ಅರಬ್ಬಿಯಲ್ಲಿ ಹಕ್ ಅಂದರೆ ಸತ್ಯ, ನ್ಯಾಯವಾಗಿ ಸಲ್ಲಬೇಕಾದ್ದು. ಆದರೆ ಇದರ ಹಳೆಯ ಅರ್ಥ ಹೀಬ್ರೂವಿನಲ್ಲಿ ಉಳಿದಿದೆ: ಹ-ಕ-ಕ, ಅಂದರೆ ಕೆತ್ತುವುದು, ಕಲ್ಲಿನಲ್ಲಿ ಕೊರೆಯುವುದು. ಕೆತ್ತಿದ್ದು ಕಟ್ಟಳೆ ಆಯಿತು, ಕಟ್ಟಳೆಯಿಂದ ಹಕ್ಕು ಆಯಿತು.

ನಮ್ಮ ಗೌಂಡಿ ಗೆಳೆಯ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ಹಂಗಾದ್ರ ಇಷ್ಟು ವರ್ಷ ಕೆತ್ತಿದವರು ನಾವು. ಹಕ್ಕು ಮಾತ್ರ ಮಂದೀದು."

*

ಇಷ್ಟಕ್ಕೇ ನಿಲ್ಲಿಸಿದರೆ ಇದು ನಮ್ಮ ಪರಾಕು ಆಗುತ್ತದೆ. ನಮ್ಮ ತಪ್ಪನ್ನೂ ಹೇಳಬೇಕು.

ಒಂದು ಸಂಜೆ ಕೇರಿಯ ಹುಡುಗನೊಬ್ಬ ಬಂದು ಕುಂತ. ಎಂಟನೆಯತ್ತೆಯವ. ಪಾಟಿಯ ಮೇಲಿನ ಒಂದು ಅಕ್ಷರ ತೋರಿಸಿ ಏನೋ ಓದಿದ, ತಪ್ಪು ಓದಿದ. ನಾವು ಮೂವರೂ ಒಮ್ಮೆಲೆ ನಕ್ಕೆವು. ಹುಡುಗ ಎದ್ದು ಹೋದ. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಆ ನಗು ನಮಗೆ ಎಲ್ಲಿಂದ ಬಂತು? ಸಾಲಿಯಲ್ಲಿ ನಾವು 'ಹ'ಕಾರ 'ಅ'ಕಾರ ತಪ್ಪಿದಾಗ ನಮ್ಮ ಮೇಲೆ ಬಿದ್ದ ನಗುವೇ ಅದು. ಅದನ್ನು ಜೋಪಾನ ಮಾಡಿ ಇಟ್ಟುಕೊಂಡು ಇನ್ನೊಬ್ಬನ ಮೇಲೆ ಎಸೆದೆವು. ಅಕ್ಷರ ಬಂದವನಿಗೆ ಜುಟ್ಟು ತಾನೇ ಬೆಳೆಯುತ್ತದೆ. ಜನಿವಾರ ಹಾಕಲು ಬ್ರಾಹ್ಮಣನೇ ಬೇಕಂತಿಲ್ಲ. ಯಾರಿಗೂ ಬಾರದ್ದು ನಮಗೆ ಬರುತ್ತದೆ ಎಂಬ ಹೆಮ್ಮೆ ಅದನ್ನು ಹಾಕುತ್ತದೆ. ಸತ್ತ ಭಾಷೆಯಲ್ಲಿ ಈ ಅಪಾಯ ಹೆಚ್ಚು. ಬದುಕಿದ ಭಾಷೆಯಲ್ಲಿ ಕೂಲಿಯವಳೂ ನಮ್ಮನ್ನು ತಿದ್ದಬಲ್ಲಳು, ಸತ್ತ ಭಾಷೆಯಲ್ಲಿ ತಿದ್ದುವವರೇ ಇಲ್ಲ. ಒಂಟಿಯಾಗಿ ಕಲಿತವನು ಒಂಟಿಯಾಗಿಯೇ ದೊರೆ ಆಗುತ್ತಾನೆ.

ಅದೇ ವಾರ ಕಲ್ಲು ನಮಗೆ ಕಪಾಳಕ್ಕೆ ಹೊಡೆಯಿತು. ಒಂದು ಶಾಸನದ ಪಡಿಯಚ್ಚಿನಲ್ಲಿ ಒಂದು ಹೆಸರನ್ನು ನಾವು ಹಟ ಹಿಡಿದು ಓದಿದ್ದೆವು, ಅರ್ಥವನ್ನೂ ಕಟ್ಟಿದ್ದೆವು. ಅದು ಪೂರಾ ತಪ್ಪು. ಫಿನೀಷಿಯನ್‌ನಲ್ಲಿ ಬ, ದ, ರ ಮೂರೂ ಅಣ್ಣತಮ್ಮಂದಿರಂಗ ಇರುತ್ತವೆ. ತಲೆ ಒಂದೇ, ಬಾಲದಲ್ಲಷ್ಟೇ ಫರಕು. ನಮ್ಮನ್ನು ನೋಡಿ ನಗಲು ಅಲ್ಲಿ ಯಾರೂ ಇರಲಿಲ್ಲ, ನಮಗೇ ನಾಚಿಕೆ ಆಯಿತು. ಹುಡುಗ ತಪ್ಪು ಓದಿದ್ದೂ ಅದೇ ಅಕ್ಷರ. ಅವನ ಮನೆಗೆ ಹೋಗಿ ಕರೆದುಕೊಂಡು ಬಂದೆವು. ಅವನವ್ವ ಚಹಾ ಕೊಟ್ಟು, "ಸತ್ತವರ ಅಕ್ಷರ ಕಲಸ್ರಿ, ಆದ್ರ ಹತ್ತನೇತ್ತ ಪಾಸ್ ಆಗುವಂಗೂ ಕಲಸ್ರಿ" ಅಂದಳು. ಈಗ ಸಂಜೆ ಮೊದಲು ಗಣಿತ, ಆಮೇಲೆ ಅಲೆಫ್. ಈ ಕ್ರಮವನ್ನು ಆಕೆ ಹಾಕಿಕೊಟ್ಟಳು.

*

ಇನ್ನೊಂದು ಮಾತು. ಸತ್ತ ಭಾಷೆಯಲ್ಲಿ ಮಾತಾಡುವವರು ಯಾರು? ಹೆಚ್ಚಾಗಿ ದೊರೆಗಳೇ.

ಬಿಬ್ಲೋಸ್‌ನ ದೊರೆ ಅಹಿರಾಮನ ಕಲ್ಲಿನ ಶವಪೆಟ್ಟಿಗೆ 1923ರಲ್ಲಿ ಸಿಕ್ಕಿತು. ಅದರ ಮೇಲೆ ಒಂದು ಶಾಪ: ಇದನ್ನು ಮುಟ್ಟಿದವನ ರಾಜದಂಡ ಮುರಿಯಲಿ, ಗದ್ದುಗೆ ಮಗುಚಲಿ. ಸಿಡೋನಿನ ದೊರೆ ಎಶ್ಮುನಜಾರನ ಪೆಟ್ಟಿಗೆ 1855ರಲ್ಲಿ ಸಿಕ್ಕಿತು. ನನ್ನನ್ನು ಸರಿಸಿದವನಿಗೆ ಸಂತಾನವಿಲ್ಲದಂತಾಗಲಿ ಎಂದು ಇಪ್ಪತ್ತೆರಡು ಸಾಲು ಬರೆಸಿದ್ದ. ಈಗ ಅದು ಪ್ಯಾರಿಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ. ನಮ್ಮ ಸೀಮೆಯ ಶಾಸನಗಳೂ ಹಿಂಗೇ ಮುಗಿಯುತ್ತವೆ. ಈ ದತ್ತಿ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನೂ ಬ್ರಾಹ್ಮಣರನ್ನೂ ಕೊಂದ ಪಾಪ. ಸಮುದ್ರ ದಾಟಿದರೂ ಆಳುವವರ ಅಂಜಿಕೆ ಒಂದೇ: ನಾ ಸತ್ತ ಮ್ಯಾಲೂ ನನ್ನದನ್ನು ಯಾರೂ ಮುಟ್ಟಬಾರದು. ಆ ಶಾಪವನ್ನು ಕೆತ್ತಿದವನ ಹೊಟ್ಟೆಯ ಮಾತು ಅಲ್ಲಿಲ್ಲ.

ಆದರೆ ಹುಡುಕಿದರೆ ಸಂದಿಯಲ್ಲಿ ಸಿಗುತ್ತದೆ. ಸೈಪ್ರಸ್ ದ್ವೀಪದ ಕಿಟಿಯೋನ್ ಎಂಬ ಊರಿನಲ್ಲಿ 1879ರಲ್ಲಿ ಒಂದು ಸಣ್ಣ ಕಲ್ಲುಹಲಗೆ ಸಿಕ್ಕಿತು. ಕೆತ್ತಿದ್ದಲ್ಲ, ಶಾಯಿಯಲ್ಲಿ ಬರೆದದ್ದು. ಗುಡಿಯ ತಿಂಗಳ ಖರ್ಚಿನ ಲೆಕ್ಕ. ಗೌಂಡಿಗಳಿಗೆ ಇಷ್ಟು, ಹಾಡುವವರಿಗೆ ಇಷ್ಟು, ರೊಟ್ಟಿ ಸುಡುವವರಿಗೆ ಇಷ್ಟು, ಕ್ಷೌರ ಮಾಡುವವರಿಗೆ ಇಷ್ಟು. ಅದರಲ್ಲಿ ಒಂದು ಬಾಬತ್ತು 'ಕಲಬಿಮ್', ಅಂದರೆ ನಾಯಿಗಳು. ಇವು ಖರೇ ನಾಯಿಗಳೇ, ಇಲ್ಲಾ ಗುಡಿಯಲ್ಲಿ ಯಾವುದೋ ಚಾಕರಿ ಮಾಡುವ ಮನುಷ್ಯರಿಗೆ ಆ ಹೆಸರೇ ಎಂದು ಪಂಡಿತರು ಇನ್ನೂ ವಾದ ಮಾಡುತ್ತಾರೆ. ಪಗಾರ ಕೊಟ್ಟು ನಾಯಿ ಎಂದು ಬರೆಯುವ ಲೋಕ ಇದ್ದೀತೇ ಎಂದು ಕೆಲವರಿಗೆ ಸಂಶಯ. ನಮಗೆ ಸಂಶಯ ಬರಲಿಲ್ಲ. ಆ ಹಲಗೆ ನೋಡಿದಾಗ ನಮಗೆ ನೆನಪಾದದ್ದು ಟ್ರಂಕಿನ ಕಾಗದ. ಅದೇ ಯಾದಿ, ಅದೇ ಆಯ. ಪಂಡಿತನಿಗೆ ಕಾಣದ ಒಂದು ಸಾಲು ನಮಗೆ ಕಂಡೀತು. ನಮಗೆ ಕಂಡದ್ದು ತಪ್ಪೂ ಇದ್ದೀತು. ಆದರೆ ಓದುವ ಪಂಕ್ತಿಯಲ್ಲಿ ನಾವು ಕೂಡದಿದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ.

ಲಂಡನ್ನಿನಲ್ಲಿ ಜಾರ್ಜ್ ಸ್ಮಿತ್ ಎಂಬ ಬಡವರ ಹುಡುಗನಿದ್ದ. ಹದಿನಾಲ್ಕಕ್ಕೆ ಸಾಲಿ ಬಿಟ್ಟು ನೋಟಿನ ಅಚ್ಚು ಕೆತ್ತುವ ಕೆಲಸಕ್ಕೆ ಸೇರಿದ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿ, ಬಾಣದ ಮೊನೆಯಂಥ ಅಕ್ಷರಗಳ ಅಕ್ಕಾಡಿಯನ್ ಭಾಷೆಯನ್ನು ತಾನೇ ಕಲಿತ. 1872ರ ಡಿಸೆಂಬರಿನಲ್ಲಿ ಅವನು ಓದಿ ತೋರಿಸಿದ ಮಣ್ಣಿನ ಹಲಗೆಯಲ್ಲಿ ಬೈಬಲ್ಲಿನ ಜಲಪ್ರಳಯದಂಥದೇ ಕಥೆಯಿತ್ತು. ಧರ್ಮಗ್ರಂಥ ಆಕಾಶದಿಂದ ಬಿದ್ದದ್ದು ಎಂದು ನಂಬಿದ್ದ ದೇಶ ಬೆಚ್ಚಿಬಿತ್ತು. ಕಾಲೇಜು ಕಂಡವರಿಗೆ ಕಾಣದ್ದು ಅವನಿಗೆ ಕಂಡದ್ದು ಹೇಗೆ? ಅವನ ಕಣ್ಣು ಕೆತ್ತನೆಯಲ್ಲಿ ಪಳಗಿತ್ತು. ಗೀರಿಗೂ ಗೀರಿಗೂ ಇರುವ ಫರಕು ಅವನಿಗೆ ಕಸುಬಿನಿಂದ ಗೊತ್ತಿತ್ತು. 1876ರಲ್ಲಿ, ಮೂವತ್ತಾರನೆಯ ವಯಸ್ಸಿಗೆ, ಅಲೆಪ್ಪೋದಲ್ಲಿ ಜಡ್ಡಿಗೆ ಬಿದ್ದು ಸತ್ತ. ನಮ್ಮ ಗೌಂಡಿ ಗೆಳೆಯನೂ ಹಂಗೇ. ಪಡಿಯಚ್ಚಿನಲ್ಲಿ ನಾವು ಅಕ್ಷರ ಎನ್ನುವ ಗೀರನ್ನು ಅವನು, "ಇದು ಉಳಿ ಜಾರಿದ್ದು, ಅಕ್ಷರ ಅಲ್ಲ" ಅಂದುಬಿಡುತ್ತಾನೆ. ನಾವು ತಿದ್ದಿಕೊಳ್ಳುತ್ತೇವೆ.

*

ಈಗ ಮಾವನ ಪ್ರಶ್ನೆಗೆ ಬರೋಣ. ಹಸಿದವನಿಗೆ ಸತ್ತ ಭಾಷೆ ಯಾಕ ಬೇಕು?

ಹಸಿವಿಗೆ ಬೇಡ. ಫಿನೀಷಿಯನ್ ಕಲಿತು ಯಾರಿಗೂ ರೇಶನ್ ಕಾರ್ಡ್ ಸಿಗುವುದಿಲ್ಲ. ಹಸಿವಿನ ಹೋರಾಟ ಬಿಟ್ಟು ಇದನ್ನು ಹಿಡಿದರೆ ಅದು ದ್ರೋಹ. ಆದರೆ ಹಸಿದವನಿಗೆ ಇಷ್ಟೇ ಸಾಕು, ಇದಕ್ಕಿಂತ ಹೆಚ್ಚಿನದು ಅವನಿಗೆ ಯಾಕೆ ಎಂದು ಅಳೆದು ಕೊಡುವವನ ಕೈಯಲ್ಲಿ ಮನುವಿನ ತಕ್ಕಡಿ ಇದೆ. ಆ ತಕ್ಕಡಿಯನ್ನು ನಮ್ಮವರೇ ಹಿಡಿದರೂ ಅದು ಮನುವಿನದೇ. ನಮಗೆ ಉಪಯೋಗದ ವಿದ್ಯೆ ಮಾತ್ರ, ಉಪಯೋಗವಿಲ್ಲದ ಚೆಲುವಿನ ವಿದ್ಯೆ ಉಳ್ಳವರಿಗೆ ಎಂಬ ಪಂಕ್ತಿಭೇದವನ್ನು ನಾವು ಒಪ್ಪುವುದಿಲ್ಲ. ರೊಟ್ಟಿಯೂ ಬೇಕು, ಅಲೆಫ್ ಎಂಬ ಎತ್ತೂ ಬೇಕು. ಮೊದಲು ಗಣಿತ, ಆಮೇಲೆ ಅಲೆಫ್. ಆದರೆ ಅಲೆಫ್ ಬೇಡ ಎನ್ನುವ ಮಾತಿಲ್ಲ.

ಎರಡು ಷರತ್ತು ಮಾತ್ರ ನಮಗೆ ನಾವೇ ಹಾಕಿಕೊಂಡಿದ್ದೇವೆ. ಒಂದು, ಕಲಿತದ್ದನ್ನು ಕಟ್ಟೆಯ ಮೇಲೆ ಇಡಬೇಕು, ಟ್ರಂಕಿನಲ್ಲಿ ಅಲ್ಲ. ಎರಡು, ತಪ್ಪು ಓದಿದವನನ್ನು ನೋಡಿ ನಗಬಾರದು.

ಮೊನ್ನೆ ಮಾವ ಮತ್ತೆ ಬಂದ. ಪಾಟಿಯ ಮುಂದೆ ಕುಂತ. ಆತ ಸಹಿ ಮಾಡುವವನಲ್ಲ, ಹೆಬ್ಬೆಟ್ಟು ಒತ್ತುವವ. "ಆ ಎತ್ತಿಂದು ಹೆಂಗ ಬರಿಯೂದು, ತೋರಸು" ಅಂದ. ಹುಡುಗ ಮಾವನ ಕೈ ಹಿಡಿದು ತಿದ್ದಿಸಿದ. ಒಂದು ಗೀರು, ಎರಡು ಕೋಡು. ಎಪ್ಪತ್ತು ವರ್ಷ ಎತ್ತಿನ ಹಿಂದೆ ನಡೆದ ಮನುಷ್ಯ ಅದನ್ನು ಬಹಳ ಹೊತ್ತು ನೋಡಿದ.

"ಇದು ನಮ್ಮ ಎತ್ತ ಹೌದು," ಅಂದ. "ಇನ್ನ ಮನಿ ತೋರಸು."